ಗಂಜಿ ಹಾಕಿದ ತುಪ್ಪಳದ ಚೀಲ

ಅದು ಶುರುವಾದದ್ದು ಕಾರ್ತಿಕ ಮುಗಿಯುತ್ತ ಬಂದಾಗ, ಕಡಲೆ ಹೂ ಬಿಡುವ ದಿನಗಳಲ್ಲಿ, ಮುಂಜಾನೆ ಕುರಿ ಹಿಂಡುವ ಹೊತ್ತಿನಲ್ಲಿ. ದೊಡ್ಡ ಲಡಾಯಿ ಮುಗಿದ ವರ್ಷ ಅದು.

ನಮ್ಮೂರು ಮಂಗಳೂರು. ಕಡಲ ದಂಡೆಯದಲ್ಲ, ಯಲಬುರ್ಗಾ ಸೀಮೆಯ ಮಂಗಳೂರು. ನಾವು ಕುರಿ ಕಾಯುವ ಮಂದಿ. ಅಪ್ಪ ತೀರಿದ ಮೇಲೆ ಹಿಂಡು ನನ್ನ ಅಣ್ಣ ಗಿಡ್ಡಪ್ಪನ ಕೈಗೆ ಬಂದಿತ್ತು. ನನಗೆ ಆಗ ಹೆಣ್ಣು ನೋಡುತ್ತಿದ್ದರು. ಪ್ರತಿ ವರ್ಷ ಮಾರ್ಗಶಿರದಲ್ಲಿ ಅಣ್ಣ ತಮ್ಮ ಇಬ್ಬರೂ ಹಿಂಡು ಹೊಡೆದುಕೊಂಡು ಗಂಗಾವತಿ ಕಡೆ ಇಳಿಯುತ್ತಿದ್ದೆವು. ಅಲ್ಲಿ ಹಳೆಯ ಕಾಲುವೆಯ ಗದ್ದೆಗಳಲ್ಲಿ ಭತ್ತ ಕೊಯ್ದಾದ ಮೇಲೆ ಗೊಬ್ಬರಕ್ಕೆಂದು ರಾತ್ರಿಯಿಡೀ ಕುರಿ ತರುಬಿ ನಿಲ್ಲಿಸುತ್ತಾರೆ. ಹಿಂಡಿನ ಸುತ್ತ ಬಲೆ, ಬಲೆಯ ಹೊರಗೆ ನಾವು. ಮೇಲೆ ಚಪ್ಪರವಿಲ್ಲ, ಮಗ್ಗುಲಿಗೆ ಗೋಡೆಯಿಲ್ಲ. ಕೆಳಗಿನ ನೆಲ ಇನ್ನೂ ನೀರು ಕುಡಿದುಕೊಂಡೇ ಇರುತ್ತದೆ. ನಮ್ಮ ಎರೆ ಹೊಲದ ಚಳಿ ಒಣ ಚಳಿ, ಬೆಂಕಿ ಹಾಕಿದರೆ ಸರಿಯುತ್ತದೆ. ಗದ್ದೆಯ ಚಳಿ ಕೆಳಗಿನಿಂದ ಏರುತ್ತದೆ.

ಅದರ ಹಿಂದಿನ ವರ್ಷ ಆ ಗದ್ದೆಯಲ್ಲೇ ಅಣ್ಣನ ಎದೆಯಲ್ಲಿ ಕಫ ಕಟ್ಟಿತು. ಕೊಪ್ಪಳದ ದವಾಖಾನೆಗೆ ಚಕ್ಕಡಿಯಲ್ಲಿ ಹಾಕಿಕೊಂಡು ಹೋಗಿದ್ದೆವು. ಡಾಕ್ಟರು ಉಳಿಸಿದರು. ಆದರೆ ಇನ್ನೊಂದು ಸಲ ಹೀಗಾದರೆ ತನ್ನ ಕೈಯಲ್ಲಿಲ್ಲ, ಎದೆಗೆ ತಂಪು ತಾಗಬಾರದು, ಭಾರ ಬೀಳಬಾರದು ಅಂದರು. ಅಲ್ಲಿಂದ ಅಣ್ಣ ಕಂಬಳಿ ಹೊದ್ದರೆ ಉಸಿರು ಸಿಕ್ಕಿಕೊಂಡಂತೆ ಮಾಡುತ್ತಿದ್ದ. ಇಬ್ಬನಿ ಕುಡಿದ ಕಂಬಳಿಯ ಭಾರ ಹೊದ್ದವರಿಗೇ ಗೊತ್ತು.

ಆ ಮುಂಜಾನೆ ಅತ್ತಿಗೆ ಹೊಳಿಯಮ್ಮ ಕುರಿಯ ಕೆಚ್ಚಲ ಹತ್ತಿರ ಕುಳಿತು ಹಾಲು ಹಿಂಡುತ್ತಿದ್ದಳು. ಅಣ್ಣ ಕುರಿಯ ಕುತ್ತಿಗೆ ಹಿಡಿದಿದ್ದ. ಅವಳು ತಲೆ ಎತ್ತದೆ ಅಂದಳು:

"ಈ ಥಂಡಿ ಒಂದ ನೋಡತೀನ್ರಿ. ಕೆಮ್ಮು ಬಂತಂದ್ರ ಕುರಿ ಬಿಡಬೇಕು. ನಮ್ಮಣ್ಣನ ಗಿರಣ್ಯಾಗ ಕೆಲಸ ಐತಿ. ತಲಿಮ್ಯಾಲ ತಗಡು ಐತಿ."

ಅವಳ ಅಣ್ಣ ವಿರುಪಣ್ಣ ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದ. ಎರಡು ಸಲ ಹೇಳಿ ಕಳಿಸಿದ್ದ.

ಅಣ್ಣ ಕುರಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ. "ಕುರಿ ಬಿಟ್ಟು ನಾ ಏನ್ ಮಾಡ್ಲಿ ಅಲ್ಲಿ? ಹೊಟ್ಟು ತೂರ್ಲೇನು?" ಅಂದ.

"ತೂರ್ರಿ. ಜೀವಂತ ಇದ್ದು ತೂರ್ರಿ."

ಆಮೇಲೆ ಅವನು ಹಿಡಿದಿದ್ದ ಕುರಿಯ ನೆತ್ತಿಯ ಮೇಲೆ ಕೈ ಇಟ್ಟು ಆಗಲಿ ಅಂದ. ನಮ್ಮಲ್ಲಿ ಕುರಿ ಮುಟ್ಟಿ ಆಡಿದ ಮಾತು ತಿರುಗುವುದಿಲ್ಲ. ಅವ್ವ ಪಕ್ಕೀರವ್ವ ಒಲೆಯ ಮುಂದಿನಿಂದ ನೋಡುತ್ತಿದ್ದಳು. ಹಿಂಡು ಅಣ್ಣನದು ಅಂತ ಅವಳಿಗೂ ಗೊತ್ತು, ಅಣ್ಣನಿಗೆ ಹಿಂಡು ಬಿಟ್ಟರೆ ಬೇರೆ ಏನೂ ಗೊತ್ತಿಲ್ಲ ಅಂತಲೂ ಗೊತ್ತು.

ಹಾಗಾಗಿ ಆ ವರ್ಷ ಹೊದಿಕೆ ಆರಿಸುವುದೇ ನಮ್ಮ ಮನೆಯ ದೊಡ್ಡ ಕೆಲಸವಾಯಿತು.

ಕೊಪ್ಪಳದ ಸಂತೆಯಲ್ಲಿ ಉಮರಸಾಬ ಅಂತ ಒಬ್ಬ ವ್ಯಾಪಾರಿ ಇದ್ದ. ಲಡಾಯಿ ಮುಗಿದ ಮೇಲೆ ಬಳ್ಳಾರಿ ಕಡೆ ಫೌಜಿನ ಸಾಮಾನು ಲಿಲಾವಿನಲ್ಲಿ ಕೂಗಿ ಮಾರಿದಾಗ ಎರಡು ಚಕ್ಕಡಿ ತುಂಬಿಕೊಂಡು ಬಂದಿದ್ದ. ಬೂಟು, ತಟ್ಟೆ, ಹಗ್ಗ, ಡೇರೆಯ ಗೂಟ. ಅದರ ಜೊತೆಗೆ ಮಲಗುವ ಚೀಲಗಳೂ ಬಂದಿದ್ದವು. ಹಕ್ಕಿಯ ತುಪ್ಪಳ ತುಂಬಿ ಹೊಲಿದವು. ಸಾಹೇಬರು ಹಿಮದ ಮೇಲೆ ಅದರೊಳಗೆ ಹೊಕ್ಕು ಮಲಗುತ್ತಿದ್ದರು, ಬೆವರುತ್ತಿದ್ದರು ಅಂತ ಉಮರಸಾಬ ಸಂತೆಗೆಲ್ಲ ಹೇಳಿದ್ದ. ತೆಗೆದುಕೊಂಡವರು ಯಾರೂ ಇರಲಿಲ್ಲ. ನಮ್ಮ ಕಡೆ ಚೀಲದೊಳಗೆ ಮನುಷ್ಯ ಹೋಗುವುದಿಲ್ಲ, ಜೋಳ ಹೋಗುತ್ತದೆ.

ಅಣ್ಣ, ನಾನು ಹೋದೆವು. ಉಮರಸಾಬ ಗೋಣಿತಟ್ಟಿನ ಮೇಲೆ ಚೀಲಗಳನ್ನು ಬಿಚ್ಚಿ ಹಾಸಿದ. ಸುತ್ತ ಮಂದಿ ನೆರೆಯಿತು.

ಅಣ್ಣ ಮೊದಲಿನದನ್ನು ಮೂಗಿಗೆ ಹಿಡಿದ, ಕೆಳಗಿಟ್ಟ. ಮುಗ್ಗಲು ವಾಸನೆ. ಒಳಗೆ ಎಂದೋ ತೇವ ಹೊಕ್ಕಿದೆ ಅಂದ. ಇನ್ನೊಂದು ಬಹಳ ಉದ್ದ, ಯಾವನೋ ಎತ್ತರದ ಸಾಹೇಬನದು. ಕಾಲ ಕೆಳಗೆ ಜಾಗ ಖಾಲಿ ಉಳಿದರೆ ಅಷ್ಟೂ ಗಾಳಿಯನ್ನು ತನ್ನ ಮೈಯೇ ಬೆಚ್ಚಗೆ ಮಾಡಬೇಕಾಗುತ್ತದೆ ಅಂತ ಅದನ್ನೂ ಬಿಟ್ಟ. ಮತ್ತೊಂದು ಒಳ್ಳೆಯ ದಪ್ಪ ಇತ್ತು, ಆದರೆ ಬಾಯಿ ಕುತ್ತಿಗೆಯ ಹತ್ತಿರ ಮಾತ್ರ, ಲಾಡಿ ಹಾಕಿ ಬಿಗಿಯುವಂಥದು. ಅಣ್ಣ ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡ. ಮುಷ್ಟಿಯಲ್ಲಿ ಹಿಸುಕಿ ಬಿಟ್ಟು, ಅದು ಮತ್ತೆ ಉಬ್ಬುವುದನ್ನು ನೋಡಿದ. ಮತ್ತೆ ಹಿಸುಕಿದ. ಆಮೇಲೆ ಅದನ್ನೂ ಕೆಳಗಿಟ್ಟ.

"ಇದಕ್ಕೇನಾಗೇತಿ? ಹುಲಿಯಂಥಾ ಮಾಲು" ಅಂದ ಉಮರಸಾಬ.

"ಕಾಕಾ, ತೋಳ ಬಂದ್ರ ನಾ ಲಾಡಿ ಬಿಚ್ಚಿ ಮುಗಸೂತನಕ ಅದು ನಿಲ್ತೈತೇನು?"

"ನಿಲ್ಲು ಅಂತ ಹೇಳು. ನಿನ್ನ ಮಾತು ಕೇಳತೈತಿ."

ಮಂದಿ ನಕ್ಕಿತು. ಕೊನೆಗೆ ಉಳಿದದ್ದು ಒಂದು ಚೀಲ. ಸ್ವಲ್ಪ ತೆಳುವು, ಆದರೆ ಬಗಲಿನುದ್ದಕ್ಕೂ ಗುಂಡಿ. ಒಂದು ಏಟಿಗೆ ಎಳೆದರೆ ಪೂರಾ ತೆರೆಯುತ್ತಿತ್ತು. ಅಣ್ಣ ಅದನ್ನು ಬಿಸಿಲಿಗೆ ಎತ್ತಿ ಹಿಡಿದ. ಕಂಬಳಿಯಲ್ಲಿ ತೆಳು ಜಾಗ ಹುಡುಕುವಾಗ ನಾವು ಹಾಗೆ ಹಿಡಿಯುತ್ತೇವೆ. ತುಪ್ಪಳ ಒಂದೇ ಕಡೆ ಸರಿಯದಂತೆ ಸಾಲು ಸಾಲಾಗಿ ಹೊಲಿಗೆ ಹಾಕಿದ್ದರು. ಒಂದು ಹೊಲಿಗೆಯಲ್ಲಿ ತುಪ್ಪಳದ ತುದಿ ಹೊರಗೆ ಬಂದಿತ್ತು. ಅದನ್ನು ಉಗುರಿನಲ್ಲಿ ಎಳೆದು ಕೆನ್ನೆಗೆ ಸವರಿಕೊಂಡ. ಕಣ್ಣು ಮುಚ್ಚಿದ.

"ತಮ್ಮಾ, ಇದು ಪುಚ್ಚ ಅಲ್ಲೋ. ಇದರಾಗ ಕಡ್ಡಿನ ಇಲ್ಲ. ಮರಿ ಹೊಟ್ಟಿ ಕೆಳಗ ಇರತೈತಲ್ಲ, ಅಂಥಾದ್ದು" ಅಂದ.

ನಮ್ಮ ಪೈಕಿಯ ಒಬ್ಬ ಕುರಿಗಾರ ಮಂದಿಯಲ್ಲಿ ನಿಂತಿದ್ದ. "ಗಿಡ್ಡಪ್ಪ, ಇದರಾಗ ಮಲಗಿ ಮುಂಜಾನಿ ತತ್ತಿ ಇಟ್ಟೀಯೇನು?" ಅಂದ.

"ಇಟ್ರ ನಿನಗೊಂದು ಕೊಡತೀನಿ ತಗೋ."

ಚೀಲದ ಬದಲಿಗೆ ಉಮರಸಾಬ ಕೇಳಿದ್ದು ಅಣ್ಣನ ಹೆಗಲ ಮೇಲಿನ ಕಂಬಳಿಯನ್ನು. ಅದು ಅಪ್ಪನದು. ಮರಿಗಳ ಮೊದಲ ಕತ್ತರಿಯ ಉಣ್ಣೆಯಿಂದ ಕುಷ್ಟಗಿಯಲ್ಲಿ ನೇಯಿಸಿದ್ದು. ಅಂಥದ್ದನ್ನು ಒಬ್ಬ ಕುರಿಗಾರ ಜನ್ಮದಲ್ಲಿ ಒಂದು ಸಲ ನೇಯಿಸುತ್ತಾನೆ. ಉಮರಸಾಬ ಹಳೆಯ ಸಂತೆಗಾರ, ನಾವು ಬಂದಾಗಿನಿಂದ ಅವನ ಕಣ್ಣು ಅದರ ಮೇಲೇ ಇತ್ತು. ಅಣ್ಣ ಕಂಬಳಿಯನ್ನು ತೆಗೆದು ಮಡಚಿದ, ಕೊಟ್ಟ. ಮನೆಯಲ್ಲಿ ನನ್ನ ಕಂಬಳಿ ಬಿಟ್ಟರೆ ಇನ್ನೊಂದು ಅವ್ವನ ಹಳೆಯದು, ಅದು ತೂತು ಬಿದ್ದದ್ದು. ದಾರಿಯಲ್ಲಿ ಅಣ್ಣ ಚೀಲವನ್ನು ಅಂಗೈ ಮೇಲೆ ಇಟ್ಟುಕೊಂಡು ನಡೆದ. ಕೂಸಿನಷ್ಟೂ ಭಾರವಿಲ್ಲ ಅಂತ ಒಂದೇ ಮಾತನ್ನು ಆಗಾಗ ಅನ್ನುತ್ತಿದ್ದ.

ಅವ್ವ ಚೀಲವನ್ನು ನೋಡಿ ಮೊದಲು ಮುಟ್ಟಲಿಲ್ಲ. ಅಪ್ಪನ ಕಂಬಳಿ ಹೋಯಿತು ಅಂತ ಕೇಳಿ ಸ್ವಲ್ಪ ಹೊತ್ತು ಹಿತ್ತಲಿಗೆ ಹೋಗಿ ಬಂದಳು. ಆಮೇಲೆ ಕೈಯಾಡಿಸಿದಳು. ಅರಿವೆ ಮೆತ್ತಗಿದೆ, ಇಬ್ಬನಿ ಬಿದ್ದರೆ ಒಳಗೆ ಇಳಿದುಬಿಡುತ್ತದೆ ಅಂದಳು. ಅದು ಸುಳ್ಳಲ್ಲ. ಅಣ್ಣನಿಗೂ ಅದೇ ಚಿಂತೆ ಇತ್ತು.

ನಮ್ಮ ಮನೆಯಲ್ಲಿ ಹೊಸ ಕಂಬಳಿ ಗಂಜಿ ಕಾಣದೆ ಯಾರ ಮೈಗೂ ಹೋಗುತ್ತಿರಲಿಲ್ಲ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ಕುದಿಸಿ ಗಂಜಿ ಮಾಡುತ್ತಾರೆ. ಅದನ್ನು ಕಂಬಳಿಗೆ ಸವರಿ ಕಾಲಿನಿಂದ ತುಳಿಯುತ್ತಾರೆ, ಎಳೆಯ ಒಳಗೆಲ್ಲ ಇಳಿಯಲಿ ಅಂತ. ಒಣಗಿದ ಮೇಲೆ ಕಂಬಳಿ ಹಲಗೆಯ ಹಾಗೆ ನಿಲ್ಲುತ್ತದೆ. ಮಳೆ ಬಂದರೂ ಹನಿ ಜಾರಿ ಹೋಗುತ್ತದೆ, ಗಾಳಿ ಹೊಗುವುದಿಲ್ಲ. ಅವ್ವನ ಕೈ ಗಂಜಿಗೆ ನಮ್ಮ ಓಣಿಯಲ್ಲೇ ಹೆಸರಿತ್ತು. ಬೇರೆ ಮನೆಯವರೂ ಹೊಸ ಕಂಬಳಿ ತಂದು ಅವಳ ಮುಂದೆ ಇಡುತ್ತಿದ್ದರು.

"ಸಾಹೇಬರ ಮನ್ಯಾಗ ಹುಣಸಿ ಗಿಡ ಇಲ್ಲ, ಅದಕ್ಕ ಹಂಗ ಬಿಟ್ಟಾರ" ಅಂದಳು ಅವ್ವ. "ನಾ ಗಟ್ಟಿ ಮಾಡಿ ಕೊಡತೀನಿ."

ನಾವು ಯಾರೂ ಬೇಡ ಅನ್ನಲಿಲ್ಲ. ಬೇಡ ಅನ್ನಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಮೈ ಕಾಯುವ ಹೊದಿಕೆ ಗಟ್ಟಿಯಾದಷ್ಟೂ ಒಳ್ಳೆಯದು ಅಂತ ನಾವು ಹುಟ್ಟಿದಾಗಿನಿಂದ ನೋಡಿದವರು. ಅವ್ವ ಬೀಜ ಹುರಿದಳು, ಹೊಳಿಯಮ್ಮ ಬೀಸಿದಳು. ಗಂಜಿ ಕುದಿಯುವಾಗ ಅಂಗಳವೆಲ್ಲ ಆ ಒಗರು ವಾಸನೆ. ಈಚಲು ಕುಂಚದಿಂದ ಅವ್ವ ಎರಡೂ ಕಡೆ ಸವರಿದಳು. ಹೊಲಿಗೆಯ ಸಾಲುಗಳಲ್ಲಿ ಇನ್ನೂ ಜಾಸ್ತಿ ಹಾಕಿದಳು, ಗಾಳಿ ಹೊಗುವುದು ಅಲ್ಲಿಂದಲೇ ಅಂತ. ಅಣ್ಣನೇ ಕಾಲು ತೊಳೆದುಕೊಂಡು ಬಂದು ತುಳಿದ. ಮೆತ್ತಗೆ ತುಳಿ, ಮರಿ ತುಳಿದ ಹಾಗೆ, ಅಂತ ಅವ್ವ ಹೇಳುತ್ತಿದ್ದಳು. ಅವನು ಹಾಗೆಯೇ ತುಳಿದ.

ಬೇಲಿಯ ಮೇಲೆ ಹಾಕಿ ಒಣಗಿಸಿದರು. ಕಂಬಳಿಗಿಂತ ತಡವಾಗಿ ಒಣಗಿತು. ಒಣಗಿದ ಮೇಲೆ ಅವ್ವ ಚೊಂಬಿನಿಂದ ನೀರು ಚಿಮುಕಿಸಿದಳು. ಹನಿ ನಿಲ್ಲಲಿಲ್ಲ, ಉರುಳಿ ಹೋಯಿತು. ಅವ್ವ ಅಣ್ಣನ ಮುಖ ನೋಡಿದಳು. ಅಣ್ಣ ನಕ್ಕ. ಚೀಲ ಮೊದಲಿನ ಹಾಗೆ ಉಬ್ಬಿರಲಿಲ್ಲ, ಅಲ್ಲಲ್ಲಿ ಕೈಗೆ ಗಂಟು ಸಿಗುತ್ತಿತ್ತು. ಮೈಯ ಬಿಸಿಗೆ ಬಿಡುತ್ತದೆ, ಹೊಸ ಕಂಬಳಿಯೂ ಮೊದಲು ಹಾಗೇ ಅಲ್ಲವೇ ಅಂದೆವು. ಅವ್ವ ಭಂಡಾರ ಹಚ್ಚಿ, ಮಡಚಲು ಬಾರದ ಆ ಚೀಲವನ್ನು ಸುರುಳಿ ಸುತ್ತಿ ಅಣ್ಣನ ಹೆಗಲಿಗೆ ಏರಿಸಿದಳು.

ನಾವು ಹಿಂಡು ಹೊಡೆದುಕೊಂಡು ಕೊಪ್ಪಳ ದಾಟಿ ಗಂಗಾವತಿ ಸೀಮೆಗೆ ಇಳಿದೆವು. ದಾರಿಯಲ್ಲಿ ಮಲಗಿದ ಜಾಗಗಳೆಲ್ಲ ಒಣ ನೆಲ. ಬೆಂಕಿ ಇತ್ತು, ಚಳಿ ಇನ್ನೂ ಬಲಿತಿರಲಿಲ್ಲ. ಅಣ್ಣ ಚೀಲ ಹಾಸಿ ಬೆಂಕಿಯ ಮಗ್ಗುಲಿಗೇ ಮಲಗುತ್ತಿದ್ದ.

ಕಾಲುವೆಯ ಕೆಳಗಿನ ಗದ್ದೆಗೆ ಬಂದ ಮೇಲೆ ನಡುಗಿಸುವ ಚಳಿ ಬಿತ್ತು. ಮುಂಜಾನೆ ಎದ್ದರೆ ಕುರಿಗಳ ಬೆನ್ನ ಮೇಲೆ ಇಬ್ಬನಿ ಬೂದಿಯ ಹಾಗೆ ಕಾಣುತ್ತಿತ್ತು. ಒಂದು ಮುಂಜಾನೆ ಎದ್ದು ನೋಡಿದರೆ ಅಣ್ಣ ಚೀಲದೊಳಗೆ ಇರಲಿಲ್ಲ. ಹಿಂಡಿನ ನಡುವೆ, ಎರಡು ಕುರಿಗಳ ಮಧ್ಯೆ ಮೊಣಕಾಲು ಎದೆಗೆ ಹಚ್ಚಿಕೊಂಡು ಕುಳಿತಿದ್ದ. ತುಟಿ ನೀಲಿಯಾಗಿತ್ತು. ಚೀಲ ಬೆಚ್ಚಗೆ ಆಗಲಿಲ್ಲವೇ ಅಂತ ಕೇಳಿದೆ. ಗಂಟು ಇದ್ದಲ್ಲಿ ಕಲ್ಲು ಇಟ್ಟ ಹಾಗೆ, ಗಂಟು ಇಲ್ಲದಲ್ಲಿ ಬರೀ ಅರಿವೆ, ಅಂದ. ಗಂಜಿ ಹಿಡಿದ ಅರಿವೆ ಮೈಯ ಬಿಸಿಯನ್ನು ಇಟ್ಟುಕೊಳ್ಳುವುದಿಲ್ಲ, ತಗಡಿನ ಹಾಗೆ ತಂಪಾಗುತ್ತದೆ ಅಂದ.

ನಾವು ಕುರಿ ತರುಬಿದ ಗದ್ದೆಯ ಕಾವಲಿಗೆ ದಾದೇಸಾಬ ಅಂತ ಒಬ್ಬ ಇದ್ದ. ಫೌಜಿನ ಪಲ್ಟಣದಲ್ಲಿದ್ದು ಬಂದವನು, ಒಂದು ಕಾಲು ಎಳೆದು ನಡೆಯುತ್ತಿದ್ದ. ಚಹಾ ಕಾಯಿಸಿಕೊಂಡು ನಮ್ಮ ಬೆಂಕಿಗೆ ಬರುತ್ತಿದ್ದ. ಅವನಿಗೆ ಅಣ್ಣ ಚೀಲ ತೋರಿಸಿದ. ದಾದೇಸಾಬ ಅದನ್ನು ಬಡಿದು ನೋಡಿದ, ಅದು ಒಣ ಚರ್ಮದ ಹಾಗೆ ಸದ್ದು ಮಾಡಿತು. ಅವನು ಕುಡುಗೋಲಿನ ತುದಿಯಿಂದ ಒಂದು ಹೊಲಿಗೆ ಬಿಚ್ಚಿದ. ಒಳಗಿನ ತುಪ್ಪಳ ಒಂದಕ್ಕೊಂದು ಅಂಟಿ, ನಿಂಬೆಹಣ್ಣಿನ ಗಾತ್ರದ ಉಂಡೆಗಳಾಗಿತ್ತು. ಒಂದನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡ.

"ಇದಕ್ಕ ಏನ್ ಹಾಕೀರಿ?"

ಅಣ್ಣ ಹೇಳಿದ.

ದಾದೇಸಾಬ ನಗಲಿಲ್ಲ. ಉಂಡೆಯನ್ನು ಒಡೆಯಲು ನೋಡಿದ, ಅದು ಒಡೆಯಲಿಲ್ಲ. "ಗಿಡ್ಡಪ್ಪ, ಇದು ಉಬ್ಬಿದ್ರ ಅಷ್ಟ ಬೆಚ್ಚಗ. ಒಳಗ ಗಾಳಿ ಕುಂದ್ರಬೇಕು. ಇದಕ್ಕ ನೀರು ಸೈತ ತೋರಸಬಾರ್ದು ಅಂತ ನಮ್ಮ ಸಾಹೇಬರು ಬೈತಿದ್ರು. ನೀವು ಗಂಜಿ ಹಾಕಿ ತುಳದೀರಿ" ಅಂದ.

"ತೊಳದ್ರ?"

"ತೊಳದ್ರ ಇನ್ನೂ ಉಂಡಿ ಆಗತೈತಿ. ಇನ್ನ ಇದು ಹಾಸಾಕೂ ಅಲ್ಲ, ಹೊದಿಯಾಕೂ ಅಲ್ಲ."

ಅಣ್ಣ ಚೀಲ ಇಸಿದುಕೊಂಡು, ಬಿಚ್ಚಿದ ಹೊಲಿಗೆಯನ್ನು ಎರಡು ಬೆರಳಲ್ಲಿ ಕೂಡಿಸಿ ಹಿಡಿದ. ಬೆಂಕಿಯ ಕಡೆ ನೋಡುತ್ತ ಕುಳಿತ. ದಾದೇಸಾಬ ಎದ್ದು ಹೋದ ಮೇಲೆ ನನಗೆ ಅಂದ:

"ಅವ್ವಗ ಇದು ಗೊತ್ತಾಗಬಾರ್ದು ನೋಡು ತಮ್ಮಾ."

ನನ್ನ ಕಂಬಳಿಯಲ್ಲೇ ಇಬ್ಬರೂ ಮಲಗಿದೆವು. ಒಬ್ಬನ ಕಂಬಳಿ ಇಬ್ಬರಿಗೆ ಸಾಲದು. ನನ್ನ ಬೆನ್ನು ಹೊರಗಿಟ್ಟು ಅವನ ಕಡೆ ಸರಿಸಿದರೆ ಅವನು ಮತ್ತೆ ನನ್ನ ಕಡೆ ಸರಿಸುತ್ತಿದ್ದ. ಅದರ ಭಾರಕ್ಕೆ ಅವನ ಉಸಿರು ಕೆರೆಯುವುದು ಕೇಳಿಸುತ್ತಿತ್ತು. ಭತ್ತದ ಹುಲ್ಲು ಕೇಳಿ ತಂದು ಹಾಸಿದೆ. ದಾದೇಸಾಬ ತನ್ನ ಗೋಣಿತಟ್ಟು ಕೊಟ್ಟ. ಆ ವಾರ ಮುಗಿಯುವುದರೊಳಗೆ ಕೆಮ್ಮು ಬಂತು. ಮೊದಲು ಅವನು ಕುರಿಗಳ ಆಚೆ ಹೋಗಿ ಕೆಮ್ಮಿ ಬರುತ್ತಿದ್ದ. ಆಮೇಲೆ ಅಷ್ಟು ದೂರ ಹೋಗುವುದೂ ಬಿಟ್ಟ.

ಹಿಂಡನ್ನು ನಮ್ಮ ಪೈಕಿಯವರ ಹಿಂಡಿನೊಳಗೆ ಕೂಡಿಸಿ, ಅವನನ್ನು ಊರ ಕಡೆ ಹೋಗುವ ಚಕ್ಕಡಿಯಲ್ಲಿ ಕೂಡಿಸಿಕೊಂಡು ಬಂದೆ. ಹೊರಡುವ ಮೊದಲು ಅಣ್ಣ ಚೀಲವನ್ನು ದಾದೇಸಾಬನಿಗೆ ಕೊಟ್ಟ. ಮೇಲಿನ ಅರಿವೆ ಗಟ್ಟಿ ಇದೆ, ಯಾತಕ್ಕಾದರೂ ಆದೀತು ಅಂದ.

ಜ್ವರ ಬಹಳ ಏರಲಿಲ್ಲ. ದವಾಖಾನೆಯಲ್ಲಿ ಡಾಕ್ಟರು ಎದೆಗೆ ನಳಿಕೆ ಇಟ್ಟು ಕೇಳಿ, ಸರಿಯಾದ ಹೊತ್ತಿಗೆ ಬಂದಿರಿ, ಇನ್ನು ಬಯಲಿನಲ್ಲಿ ಮಲಗಿಸಬೇಡಿ ಅಂದರು. ಮನೆಗೆ ಬಂದು ಒಲೆಯ ಹತ್ತಿರ ಮಲಗಿದ ಮೇಲೆ ಅಣ್ಣನ ಮುಖಕ್ಕೆ ಬಣ್ಣ ಬಂತು. ಹೊಳಿಯಮ್ಮ ಅವನಿಗೆ ಕುರಿ ಮುಟ್ಟಿ ಆಡಿದ ಮಾತನ್ನು ನೆನಪು ಮಾಡಲಿಲ್ಲ. ಎದೆಗೆ ಎಣ್ಣೆ ತಿಕ್ಕಿದಳು, ಗಂಜಿ ಕುಡಿಸಿದಳು. ಆದರೆ ಅಣ್ಣನಿಗೆ ಎದ್ದು ಕುಳಿತುಕೊಳ್ಳಲು ಬಂದ ದಿನ ತನ್ನ ಸೀರೆಗಳನ್ನು ಒಗೆದು ಒಣಹಾಕಿದಳು. ಒಣಗಿದ ಮೇಲೆ ಮಡಚಿ ಗಂಟು ಕಟ್ಟಿದಳು. ಅಣ್ಣ ನೋಡಿದ. ವಿರುಪಣ್ಣನಿಗೆ ಹೇಳಿ ಕಳಿಸು ಅಂತ ಅವನೇ ನನಗೆ ಅಂದ.

ಅವ್ವ ಒಂದು ದಿನ ಅವನ ಹಾಸಿಗೆಯ ಹತ್ತಿರ ಕುಳಿತಿದ್ದಳು. ಅವಳು ಕೇಳುವುದು ತಡವಾಗಿತ್ತು, ಆದರೆ ಕೇಳಿದಳು.

"ಚೀಲಕ್ಕ ಗಂಜಿ ಒಂದ ಕೈ ಕಮ್ಮಿ ಆತೇನೋ ಗಿಡ್ಡ. ನಾ ಇನ್ನೊಂದ ಸಲ ಹಾಕಬೇಕಿತ್ತು."

ಅಣ್ಣ ತೊಲೆಯ ಕಡೆ ನೋಡುತ್ತ ಮಲಗಿದ್ದ.

"ಇಲ್ಲವ್ವ. ಒಂದ ಹನಿ ಒಳಗ ಬರಲಿಲ್ಲ. ಚೀಲ ಛಲೋ ಇತ್ತು. ನನ್ನ ಎದಿನ ಕೆಟ್ಟೈತಿ."

"ಮತ್ತ ಎಲ್ಲಿ ಅದು?"

"ಅಲ್ಲಿ ಒಬ್ಬ ಮುದುಕ ಥಂಡ್ಯಾಗ ಮಲಗತಿದ್ದ. ಅವಗ ಕೊಟ್ಟು ಬಂದೆ."

ಒಳ್ಳೆಯದು ಮಾಡಿದಿ ಅಂದಳು ಅವ್ವ. ಅವಳು ಎದ್ದು ಒಲೆಗೆ ಕಟ್ಟಿಗೆ ಹಾಕಿದಳು. ಹೊಳಿಯಮ್ಮ ಬಾಗಿಲಲ್ಲಿ ನಿಂತು ಕೇಳಿದ್ದಳು. ಅವಳು ನನ್ನ ಮುಖ ನೋಡಿದಳು. ನಾನು ಹೊರಗೆ ಹೋದೆ. ಚೀಲ ಕೆಟ್ಟ ಸಂಗತಿಯನ್ನು ಅವಳಿಗೆ ಅಣ್ಣ ಹೇಳಿದ್ದನೋ, ಅವಳೇ ತಿಳಿದುಕೊಂಡಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವಳೂ ಅವ್ವನ ಮುಂದೆ ಬಾಯಿ ಬಿಡಲಿಲ್ಲ. ಅವ್ವ ಇರುವಷ್ಟು ಕಾಲ ಓಣಿಯವರ ಕಂಬಳಿಗಳಿಗೆ ಗಂಜಿ ಹಾಕುತ್ತಲೇ ಇದ್ದಳು.

ಅಣ್ಣ ತನ್ನ ಪಾಲಿನ ಕುರಿಗಳನ್ನು ಬೇರೆ ಮಾಡಲಿಲ್ಲ. ಹಿಂಡು ಒಂದೇ ಇರಲಿ, ಒಡೆದರೆ ಎರಡೂ ಉಳಿಯುವುದಿಲ್ಲ ಅಂದ. ಯಾವ ಕುರಿ ಮರಿಗೆ ಹಾಲು ಬಿಡುವುದಿಲ್ಲ, ಯಾವ ಟಗರು ಬಲೆ ಹಾರುತ್ತದೆ, ಕಾಲುವೆ ಕೆಳಗಿನ ಯಾವ ಗೌಡರು ಮಾತಿಗೆ ನಿಲ್ಲುತ್ತಾರೆ, ಎಲ್ಲ ಹೇಳಿದ. ಅವು ನನಗೆ ಗೊತ್ತಿದ್ದವೇ. ಕೇಳಿಸಿಕೊಂಡೆ. ಗಿರಣಿಯಲ್ಲಿ ಅವನಿಗೆ ಭತ್ತದ ಚೀಲಗಳ ಕಾವಲು ಕೊಡುತ್ತಾರಂತೆ. ಒಳಗೇ ಮಲಗುವುದಂತೆ, ಹೊಟ್ಟಿನ ಬಿಸಿಗೆ ಗೋಡೆಯೂ ಬೆಚ್ಚಗಿರುತ್ತದಂತೆ. ಅದನ್ನು ಹೇಳುವಾಗ ಅವನ ದನಿಯಲ್ಲಿ ಸುಖವೂ ಇರಲಿಲ್ಲ, ದುಃಖವೂ ಇರಲಿಲ್ಲ.

ವಿರುಪಣ್ಣ ಚಕ್ಕಡಿ ತಂದ. ಅವ್ವ ರೊಟ್ಟಿ ಕಟ್ಟಿಕೊಟ್ಟಳು. ಚಕ್ಕಡಿ ಊರ ಹೊರಗಿನ ಹಳ್ಳದವರೆಗೆ ಹೋಗುವತನಕ ನಾನು ಹಿಂದೆ ನಡೆದೆ. ಅಲ್ಲಿ ಅಣ್ಣ ತಿರುಗು ಅಂತ ಕೈ ಮಾಡಿದ, ತಿರುಗಿದೆ. ನನ್ನ ಅಣ್ಣ ಗಿಡ್ಡಪ್ಪ, ಅತ್ತಿಗೆ ಹೊಳಿಯಮ್ಮ ಇಬ್ಬರೂ ಊರು ಬಿಟ್ಟದ್ದು ಸಂಕ್ರಾಂತಿ ಕಳೆದ ಮೇಲಿನ ಗುರುವಾರ.